ಈರುಳ್ಳಿ ಸಿಪ್ಪೆಯ ಬಣ್ಣ

ಬಾಗಿಲಲ್ಲಿ ಜನಗಣತಿಯ ಹುಡುಗ.
ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಟ್ಯಾಬ್ಲೆಟ್ಟು,
ನಾಲ್ಕು ಮಹಡಿ ಹತ್ತಿದ ಏದುಸಿರು.
ಹೆಸರು ಬರೆದುಕೊಂಡ, ವಯಸ್ಸು ಬರೆದುಕೊಂಡ,
ಬಚ್ಚಲು ಒಳಗೋ ಹೊರಗೋ ಎಂದ.
ಆಮೇಲೆ, ತಲೆ ಎತ್ತದೆ:
ಧರ್ಮ?
ಬೇಡವಾದರೆ ಹೇಳಬೇಡಿ, ಅದಕ್ಕೂ ಒಂದು ಚೌಕ ಇದೆ.

ಒಲೆಯ ಮೇಲೆ ಈರುಳ್ಳಿ ಸಿಪ್ಪೆ ಕುದಿಯುತ್ತಿತ್ತು.

ತಮ್ಮಾ, ನೀನು ಹುಟ್ಟುವ ಮೊದಲು
ಅಲ್ಬೇನಿಯಾದಲ್ಲಿ ದೇವರು ಕಾನೂನುಬಾಹಿರ.
ನಮ್ಮ ಕೊರ್ಚದ ಇಗರ್ಜಿ ಗೋಣಿಚೀಲಗಳ ಗೋದಾಮು,
ಮಸೀದಿಯ ಮಿನಾರಿಗೆ ಕುತ್ತಿಗೆಯಿಲ್ಲ.
ಅಮ್ಮ, ಪೊಲಿಕ್ಸೆನಿ, ವರ್ಷಕ್ಕೊಂದು ರಾತ್ರಿ
ಕಿಟಕಿಗೆ ಕಂಬಳಿ ಹೊದಿಸಿ
ಮೂರೇ ಮೂರು ಮೊಟ್ಟೆ ಬೇಯಿಸುತ್ತಿದ್ದಳು.
ಸಿಪ್ಪೆ ಚಳಿಗಾಲವಿಡೀ ಕೂಡಿಟ್ಟದ್ದು;
ಬಣ್ಣದ ಪುಡಿ ಕೊಂಡರೆ ಅಂಗಡಿಯವನಿಗೆ ಗೊತ್ತಾಗುತ್ತದಲ್ಲ.
ಮೊಟ್ಟೆಗೆ ಮೊಟ್ಟೆ ತಾಕಿಸಿದರೂ ಸದ್ದಾಗಬಾರದು.
ತಿಂದು, ಓಡನ್ನು ಒಲೆಗೆ ಹಾಕಿ,
ಬೂದಿಯನ್ನೂ ಒಮ್ಮೆ ಕೆದಕಿ ನೋಡಿ ಮಲಗುವಳು.
ಬಾಯಿ ಬಿಟ್ಟರೆ ಬಣ್ಣಗೇಡು:
ಅಷ್ಟೇ ಅವಳ ಪ್ರಾರ್ಥನೆ.

ಸೋಮವಾರ ಶಾಲೆಯಲ್ಲಿ ಲಿರಿ ಟೀಚರು
ಸಾಲಾಗಿ ನಿಲ್ಲಿಸಿ ಬೆರಳು ನೋಡಿದರು.
ಮಿಠಾಯಿ ಮುಂದೆ ಹಿಡಿದು,
ನಿನ್ನೆ ಮನೆಯಲ್ಲಿ ಮೊಟ್ಟೆ ತಿಂದವರು ಯಾರು ಮರೀ, ಎಂದರು.
ನನಗೆ ಏಳು ವರ್ಷ. ಮಗ್ಗಿ ಬರುತ್ತಿರಲಿಲ್ಲ.
ಉತ್ತರ ಗೊತ್ತಿದ್ದ ಪ್ರಶ್ನೆ ಅದೊಂದೇ.
ಕೈ ಎತ್ತಿದೆ.

ಅಪ್ಪ ಥಿಮಾಚ್ ಲೆಕ್ಕದ ಮೇಜಿನಿಂದ
ಇಟ್ಟಿಗೆ ಗೂಡಿಗೆ ಹೋದ, ಮೂರು ವರ್ಷ.
ಬರುವಾಗ ಕೆಮ್ಮು ತಂದ.
ಅಮ್ಮ ಬೈಯಲಿಲ್ಲ, ಹೊಡೆಯಲಿಲ್ಲ.
ಮರುವರ್ಷ ಆ ರಾತ್ರಿ ನನ್ನನ್ನು ಬೇಗ ಮಲಗಿಸಿದಳು.
ಕಣ್ಣು ಮುಚ್ಚಿ ಎಚ್ಚರವಿದ್ದೆ.
ಕಂಬಳಿ ಕಿಟಕಿಗೇರುವ ಸರಸರ,
ನೀರಿನ ಗುಳುಗುಳು,
ಆ ಸಿಪ್ಪೆಯ ಮಣ್ಣು ವಾಸನೆ.
ಸರಕಾರದಿಂದ ಬಚ್ಚಿಟ್ಟ ದೇವರನ್ನು
ಅಂದಿನಿಂದ ನನ್ನಿಂದಲೂ ಬಚ್ಚಿಟ್ಟಳು.

ಈಗ ನೋಡು, ಬಚ್ಚಿಡುವುದೇನೂ ಇಲ್ಲ.
ಗಂಟೆಗೂ ಬಾಂಗಿಗೂ ಧ್ವನಿವರ್ಧಕ.
ಗುಮ್ಮಟಕ್ಕೆ ಯಾವುದೋ ದೇಶದ ದುಡ್ಡು,
ಮಿನಾರಿಗೆ ಇನ್ಯಾವುದೋ ದೇಶದ್ದು.
ಚುನಾವಣೆ ಹತ್ತಿರವಾದರೆ ಮಂತ್ರಿಗಳು
ಮೇಣದಬತ್ತಿ ಹಿಡಿದು ಕ್ಯಾಮೆರಾದತ್ತ ಬಾಗುತ್ತಾರೆ.
ಕೆಳಮನೆಯ ನಾಝ್ಮಿಯೆ ಮಾತ್ರ ಮೊದಲಿನಂತೆ
ಅಶುರೆ ಪಾಯಸದ ಬಟ್ಟಲು ತಂದಿಟ್ಟು
ಖಾಲಿ ಬಟ್ಟಲು ಕಳಿಸಬೇಡ ಎಂದು ಹೋಗುತ್ತಾಳೆ.
ಸಾಯುವ ವಾರ ಅಮ್ಮನನ್ನು ಕೇಳಿದೆ:
ಪಾದ್ರಿಯನ್ನು ಕರೆಸಲೇ?
ಕಿಟಕಿ ಮುಚ್ಚಿದೆಯಾ ನೋಡು, ಎಂದಳು.

ಹೋದ ವರ್ಷ ನಾನೂ ಹೋಗಿದ್ದೆ, ಈಸ್ಟರಿನ ನಡುರಾತ್ರಿಯ ಪೂಜೆಗೆ.
ಮುಂದಿನ ಸಾಲಲ್ಲಿ ಕೋಲೂರಿ ನಿಂತ ಲಿರಿ ಟೀಚರು.
ಕಿವಿ ಮಂದ. ನನ್ನ ಗುರುತಿಲ್ಲ.
ಹಿಂತಿರುಗಿ ತಮ್ಮ ಬತ್ತಿಯಿಂದ ನನ್ನ ಬತ್ತಿ ಹಚ್ಚಿದರು.
ಬೆರಳ ತುದಿ, ಉಗುರ ಸಂದಿ, ಎಲ್ಲ ಕೆಂಪು.
ಬೆರಳು ತೋರಿಸಿ ಟೀಚರ್,
ಐವತ್ತು ವರ್ಷದ ಮಾತು ಗಂಟಲವರೆಗೆ ಬಂತು.
ಆಗ ಅವರ ಕಿಟಕಿಗೂ ಒಂದು ಕಂಬಳಿ ಇತ್ತೋ ಏನೋ.
ಮೇಣ ಕೈಮೇಲೆ ತೊಟ್ಟಿಕ್ಕಿತು.
ಕ್ಷಮಿಸಿದೆನೋ? ಗೊತ್ತಿಲ್ಲ.
ಬತ್ತಿ ಆರಿಸಲಿಲ್ಲ, ಅಷ್ಟು ಹೇಳಬಲ್ಲೆ.

ಇದಾವುದನ್ನೂ ಹುಡುಗನಿಗೆ ಹೇಳಲಿಲ್ಲ.
ಅವನಿಗಿನ್ನೂ ಹದಿನಾರು ಮನೆ ಬಾಕಿ.
ನಿನಗೆ ತೋಚಿದ್ದು ಒತ್ತು ಎಂದೆ.
ಹಾಗೆಲ್ಲ ಆಗಲ್ಲ ಆಂಟಿ, ನೀವೇ ಹೇಳಬೇಕು, ಎಂದ.
ಹಾಗಾದರೆ ಖಾಲಿ ಬಿಡು.
ಬಿಸಿ ಮೊಟ್ಟೆಯೊಂದನ್ನು ಕಾಗದದಲ್ಲಿ ಸುತ್ತಿ ಕೊಟ್ಟೆ,
ಕೆಂಪೂ ಅಲ್ಲದ ಕಂದೂ ಅಲ್ಲದ ತುಕ್ಕಿನ ಬಣ್ಣ.
ಜೇಬಿಗಿಳಿಸಿ ಎರಡೆರಡು ಮೆಟ್ಟಿಲು ಹಾರಿ ಇಳಿದುಹೋದ.
ಕದ ಮುಚ್ಚಿದ ಮೇಲೆ ನೆನಪಾಯಿತು,
ಹೇಳಬೇಕಿತ್ತು:
ಓಡನ್ನು ಎಲ್ಲಿ ಬೇಕಾದರೂ ಎಸೆಯಬಹುದು, ಮಗಾ.