ಹಾರಿದ್ದು

ಚೌಕಿಪೇಟೆಯ ನಮ್ಮ ಗ್ರಂಥಿಗೆ ಅಂಗಡಿಯಲ್ಲಿ
ಕರ್ಪೂರದ ಡಬ್ಬಿಗೆ ಇಂದಿಗೂ
ಏಳು ಕಾಳು ಮೆಣಸು ಹಾಕುತ್ತೇವೆ.
ಕಾವಲಿಗೆ, ಅನ್ನುತ್ತಿದ್ದ ಅಪ್ಪ,
ಇಲ್ಲದಿದ್ರೆ ಹೇಳದೆ ಕೇಳದೆ ಹೋಗ್ತತಿ.

ಮುತ್ತಜ್ಜ ಕೊಟ್ರಬಸಪ್ಪನಿಗೆ
ಮೆಣಸಿನ ಮೇಲೂ ನಂಬಿಕೆ ಸಾಲದು.
ಹುಣಸೆಬೀಜದ ಅಂಟಿಗೆ ಇದ್ದಿಲು ಕಲಸಿ ಬಳಿದ
ಬಟ್ಟೆಯ ಕಡತದಲ್ಲಿ, ಬಳಪದಲ್ಲಿ,
ಬಂದದ್ದು, ಮಾರಿದ್ದು, ಉಳಿದದ್ದು ಆದಮೇಲೆ
ನಾಲ್ಕನೆಯದೊಂದು ಗೆರೆ ಎಳೆದಿದ್ದ:
ಹಾರಿದ್ದು.
ತಿಂಗಳಿಗೆ ಇಷ್ಟು ಗುಂಜಿ, ಬೇಸಿಗೆಗೆ ಇನ್ನಷ್ಟು.
ಗಾಳಿಯಿಂದಲೂ ಲೆಕ್ಕ ಕೇಳಿದ ಮನುಷ್ಯ.

ಹರಿಹರದ ದಿಕ್ಕಿಗೆ ರೈಲು ಹಳಿ ಹಾಕಿಸುವ ಸಾಹೇಬ
ಊರ ಹೊರಗೆ ಗುಡಾರ ಹೊಡೆದ ವರ್ಷ.
ಅವನ ಹೆಂಡತಿ ಪಿಲ್ಕಿಂಗ್ಟನ್ ದೊರೆಸಾನಿ
ಬಳಪದ ಬಾಯಲ್ಲಿ ತಿರುಗದೆ
ಪಿಲಕಿಂಟಮ್ಮ ಆಗಿದ್ದಾಳೆ.
ಪಿಲಕಿಂಟಮ್ಮ, ಎರಡು ತೊಲ.
ಪಿಲಕಿಂಟಮ್ಮ, ಮತ್ತೆ ಎರಡು.

ಅಷ್ಟೊಂದು ಯಾವ ದೇವರಿಗೆ ಬೆಳಗ್ತಾಳೋ?
ಮುತ್ತಜ್ಜಿ ನೀಲಗಂಗಮ್ಮ ಒಳಗಿಂದಲೇ ಕೇಳಿದಳಂತೆ.
ಬಟ್ಲರ್ ಜ್ಞಾನಮುತ್ತು ನಕ್ಕ:
ಬೆಳಗೋದೆಲ್ಲಮ್ಮಾ, ತಿಂತಾರೆ.
ಸೀಮೆಸುಣ್ಣಕ್ಕೆ ಬೆರೆಸಿ ಹಲ್ಲುಜ್ಜುತ್ತಾರೆ,
ಕುರಿ ಕೊಬ್ಬಿಗೆ ಕಲಸಿ ಒಡೆದ ಕೈಗೆ ಹಚ್ಚುತ್ತಾರೆ,
ಎಣ್ಣೆಗೆ ಹಾಕಿ ಎದೆಗೆ ತಿಕ್ಕುತ್ತಾರೆ.
ನೆಗಡಿಗೆ ಮೂಸುವುದು, ಅಳು ಬಂದರೂ ಮೂಸುವುದು.
ಪುಟ್ಟ ಚೀಲ ಹೊಲಿದು ಕೂಸಿನ ಕೊರಳಿಗೆ ಕಟ್ಟಿದ್ದಾರೆ,
ಬೇನೆ ಹತ್ತಿರ ಸುಳಿಯದ ಹಾಗೆ.

ಅದೊಂದು ಮುತ್ತಜ್ಜಿಗೆ ಹಿಡಿಸಿತು.
ತಾಯತ ಅನ್ನು ಮತ್ತೆ, ಅಂದಳು.

ಆ ಚೈತ್ರದಲ್ಲಿ ಬೇನೆ ಬಂತು.
ಹಳಿ ಕೆಲಸದ ಕೂಲಿಯವರು ಮೊದಲು,
ಆಮೇಲೆ ನೀರು ಹೊರುವವನು,
ಆಮೇಲೆ ಗುಡಾರದೊಳಕ್ಕೆ.
ದೊರೆಸಾನಿಯ ದಪ್ಪ ಪುಸ್ತಕದಲ್ಲಿ ಹೀಗಿತ್ತಂತೆ:
ಬ್ರಾಂದಿಯಲ್ಲಿ ಕರಗಿಸಿ, ಸಕ್ಕರೆ ಹರಳಿನ ಮೇಲೆ ಐದು ಹನಿ,
ಕಾಲು ಗಂಟೆಗೊಮ್ಮೆ.

ಕಡತ ಹೇಳುವುದಿಷ್ಟು:
ಮುಂಜಾನೆ ಅರ್ಧ ತೊಲ.
ಮಧ್ಯಾಹ್ನ ಅರ್ಧ.
ದೀಪ ಹಚ್ಚುವ ಹೊತ್ತಿಗೆ ಒಂದು, ಓಡಿ ಬಂದು ಒಯ್ದದ್ದು.
ನಾಲ್ಕನೆಯ ಗೆರೆಯಾಚೆ,
ಹಾರಿದ್ದು: ಒಂದು.

ತೊಲ ಅಂದಿಲ್ಲ. ಗುಂಜಿ ಅಂದಿಲ್ಲ.

ಮಿಕ್ಕ ಮಡಿಕೆಗಳನ್ನೆಲ್ಲ ಮೊಣಕೈಯಲ್ಲಿ ಒರೆಸಿ
ಒರೆಸಿದಲ್ಲೇ ಬರೆದು
ಇಡೀ ಬಟ್ಟೆ ಮೋಡದ ಬಣ್ಣಕ್ಕೆ ತಿರುಗಿದೆ.
ಈ ಒಂದು ಮಡಿಕೆ ಮಾತ್ರ
ಈಗಲೂ ಕಪ್ಪಗಿದೆ, ಅಕ್ಷರ ಬೆಳ್ಳಗಿದೆ.

ಕೈಕಾಲು ಸೆಟೆದುಕೊಂಡವಂತೆ. ಬೇನೆ ನೆತ್ತಿಗೇರಿತು
ಎಂದು ನಮ್ಮ ಮನೆಯ ಕತೆ.
ನೋಡಿ ಬಂದ ಮುತ್ತಜ್ಜಿ ಮೂರು ದಿನ ಮಾತಾಡದೆ
ನಾಲ್ಕನೆಯ ದಿನ ಅಂದದ್ದು ಒಂದೇ:
ಕೂಸಿನ ಬಾಯಿ
ಗುಡಿಯ ಹಾಗೆ ಘಮ್ಮಂತಿತ್ತು.

ನಾನು ಇದೇ ಊರಲ್ಲಿ ಫಾರ್ಮಸಿ ಓದಿದವಳು.
ಎರಡನೆಯ ವರ್ಷ, ವಿಷಗಳ ಪಾಠ,
ಮೂರೇ ಸಾಲು: ಎಳೆಮಕ್ಕಳು, ಒಂದು ಚಮಚ ಸಾಕು,
ಸೆಳವು, ಸೆಟೆತ.
ಪುಸ್ತಕ ಮುಚ್ಚಿ ಸೀದಾ ಅಂಗಡಿಗೆ ಬಂದು
ಗಲ್ಲಾದ ಮೇಲೆ ಸುಮ್ಮನೆ ಕೂತಿದ್ದೆ.
ಬೇನೆಯೋ, ಮದ್ದೋ?
ಕೊಟ್ರಬಸಪ್ಪನಿಗೆ ಗೊತ್ತಿತ್ತೇ?
ಗೊತ್ತಿಲ್ಲದವನು ಯಾಕೆ ಒರೆಸಲಿಲ್ಲ?

ಇವತ್ತು ಸಂಜೆ ಮಂಡಕ್ಕಿ ಭಟ್ಟಿಯ ಹಾಲೇಶ,
ರೆಪ್ಪೆಯ ಮೇಲೆಲ್ಲ ಹೊಟ್ಟು,
ಹೆಗಲ ಮೇಲೆ ಗೊರಗೊರ ಅನ್ನುವ ಕೂಸು.
ಅಕ್ಕಾ, ಎರಡು ಬಿಲ್ಲೆ ಕರ್ಪೂರ ಕೊಡ್ರಿ,
ಕೊಬ್ಬರಿ ಎಣ್ಣೆಗೆ ಹಾಕಿ ಎದೆಗೆ ತಿಕ್ಕಬೇಕು.
ಕೊಡಲ್ಲ, ಅಂದೆ.
ಎರಡು ವರ್ಷ ತುಂಬೋವರೆಗೂ ಹತ್ರ ತರಬ್ಯಾಡ್ರಿ,
ದವಾಖಾನೆಗೆ ಹೋಗ್ರಿ, ಈಗಲೇ.
ಅವನು ಕೂಸನ್ನು ಇನ್ನೊಂದು ಹೆಗಲಿಗೆ ಬದಲಿಸಿ
ನನ್ನನ್ನೇ ನೋಡಿದ:
ದೇವರಿಗೆ ಅಂತ ಕೇಳಿದ್ರೆ ಕೊಡ್ತಿದ್ರಲ್ಲ?

ಹೌದು.
ಕೊಡುತ್ತಿದ್ದೆ.

ಯಾವ ಕಡೆ ಹೋದನೋ ಗಿರಾಕಿ ನಡುವೆ ಕಾಣಲಿಲ್ಲ.
ದವಾಖಾನೆ ಎಡಕ್ಕೆ. ಬಲಕ್ಕೆ ಇನ್ನೂ ಮೂರು
ಗ್ರಂಥಿಗೆ ಅಂಗಡಿ.

ಕದ ಹಾಕುವ ಮುಂಚೆ ಡಬ್ಬಿ ತೂಗಿದೆ.
ಮಾರದೆಯೂ ನಾಲ್ಕು ಗ್ರಾಂ ಕಡಿಮೆ.
ಕಂಪ್ಯೂಟರಿನ ಬಿಲ್ಲಿನಲ್ಲಿ ಅದಕ್ಕೆ ಜಾಗವಿಲ್ಲ.
ಮುಚ್ಚಳ ತೆಗೆದು ಎಣಿಸಿದೆ.
ಮೆಣಸು ಏಳೂ ಇದ್ದವು.