ಹತ್ತು ಅಂಕದ ಪ್ರಶ್ನೆ

ಶಿವಮೊಗ್ಗದ ಮೌಲ್ಯಮಾಪನ ಕೇಂದ್ರ, ಮೂರನೇ ದಿನ.
ಬೆರಳಿಗೆ ಕೆಂಪು ಶಾಯಿ, ಲೋಟದಲ್ಲಿ ಕೆನೆಗಟ್ಟಿದ ಚಹಾ.
ನಲವತ್ತು ಉತ್ತರಪತ್ರಿಕೆಯಲ್ಲೂ ಅದೇ ಗೈಡಿನ ಅದೇ ಸಾಲು:
ಜರ್ಮನಿ, ಚರ್ಚಿನ ಒಡಕು, ಯುದ್ಧ, ಮಾಟಗಾತಿಯರಿಗೆ ಬೆಂಕಿ.

ಇವಳೊಬ್ಬಳು
(ಅಕ್ಷರ ನೋಡಿ ಇವಳು ಅಂದುಕೊಂಡೆ)
ಒಂದು ಇಸವಿಯನ್ನೂ ಬರೆದಿಲ್ಲ.

"ಹಳೆ ಮತದವರು, ಹೊಸ ಮತದವರು,
ದೇವರು ನಮ್ಮ ಕಡೆ ಎಂದು ಇಬ್ಬರೂ ತೋರಿಸಬೇಕಿತ್ತು.
ದೇವರನ್ನು ತೋರಿಸುವುದು ಕಷ್ಟ.
ಸೈತಾನನನ್ನು ತೋರಿಸಬಹುದು,
ಊರಾಚೆ ಒಂದು ಗುಡಿಸಲು, ಒಬ್ಬಳು ಮುದುಕಿ ಇದ್ದರೆ ಸಾಕು.
ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು."

ಗಾದೆಗೆ ಅಂಕವಿಲ್ಲ.
ಆದರೂ ಅಡಿಗೆರೆ ಎಳೆದೆ.

ಪುಟ ತಿರುವಿದರೆ ಸೊರಬದ ಕಡೆಯ ಯಾವುದೋ ಊರು:
"ನಮ್ಮಲ್ಲಿ ಚೌಡಿಗೆ ಕೋಳಿ ಬೇಕೆನ್ನುವವರು,
ಬೇಡ, ಹೋಮ ಸಾಕೆನ್ನುವವರು.
ಎರಡು ವರ್ಷ ಒಂದೇ ಬಾವಿಯಲ್ಲಿ ನೀರು ಸೇದಲಿಲ್ಲ.
ಆಮೇಲೆ ಒಂದೇ ವಾರದಲ್ಲಿ ಮೂರು ಎಮ್ಮೆ ಸತ್ತವು.
ಆ ರಾತ್ರಿ ಮಾತ್ರ ಒಟ್ಟಿಗೆ ಬಂದರು,
ಕಾಮಾಲೆಗೆ ಸೊಪ್ಪು ಅರೆದು ಕೊಡುವ
ಗುತ್ಯಮ್ಮನ ಬಾಗಿಲಿಗೆ.
ಪಂಜು ಹಿಡಿದವರಲ್ಲಿ ಅವಳ ಸೊಪ್ಪು ಕುಡಿದು ಬದುಕಿದವರು
ನಾಲ್ವರು. ಒಬ್ಬರು ನಮ್ಮಪ್ಪ."

ಹಾಲಸ್ವಾಮಿ ಸರ್ ಹೆಗಲ ಮೇಲಿಂದ ಬಗ್ಗಿದರು:
"ಎಂಟು ಹಾಕಿದ್ದೀರಿ. ಇಸವಿ ಎಲ್ಲಿದೆ?"

ಬೆರಳಿಟ್ಟು ತೋರಿಸಿದೆ.
ಕೊನೆಯ ಸಾಲು, ಒತ್ತಿ ಬರೆದು ಹಾಳೆ ತೂತಾದಲ್ಲಿ:
"ಕಳೆದ ಮಹಾಲಯ ಅಮಾವಾಸ್ಯೆ."

"ಸಿಲಬಸ್ಸಿನಲ್ಲಿಲ್ಲ" ಎಂದರು.
ಮುಂದಿನ ಟೇಬಲಿಗೆ ಹೋಗಲಿಲ್ಲ.