ಮಲಗಿದವಳ ಮೈಲಿ

ಮೂರನೆಯ ದಿನ ಎಲ್ಲರೂ ಕೇಳುತ್ತಾರೆ.
ಮೊದಲೆರಡು ದಿನ ಕ್ಲಚ್ಚಿನ ಭಯ, ಪಕ್ಕದ ಕನ್ನಡಿಯ ಭಯ,
ಹಿಂದೆ ಎಳೆದು ತರುತ್ತಿರುವ ಐವತ್ತಮೂರಡಿ ಡಬ್ಬದ ಭಯ.
ಮೂರನೆಯ ದಿನ, ನೆಬ್ರಾಸ್ಕದ ನೆಟ್ಟನೆ ರಸ್ತೆಯಲ್ಲಿ,
ಬಾಯಿ ಬರುತ್ತದೆ:
ಕಲಿಸಿದ್ದಕ್ಕೆ ನಿಮಗೆ ಎಷ್ಟು ಕೊಡುತ್ತಾರೆ, ವರ್ನಾ?

ಹಾಗೋಸ್ ಕೇಳಿದ್ದು ಕಾರ್ನಿ ದಾಟುವಾಗ.
ಅಸ್ಮಾರದವನು. ಅಲ್ಲಿ ಭೂಗೋಳದ ಮೇಷ್ಟ್ರಾಗಿದ್ದನಂತೆ.
ಸಂಬಳ ಕೇಳಬಾರದೆಂದು ಅವನಿಗೆ ಯಾರೂ ಹೇಳಿರಲಿಲ್ಲ,
ಹೇಳಬಾರದೆಂದು ನನಗೂ.

ಚಕ್ರ ಉರುಳಿದರೆ ಮೈಲಿಗೆ ಐವತ್ತೆಂಟು ಸೆಂಟು, ಎಂದೆ.
ನೀನು ಓಡಿಸಿದರೂ ಅದು ನನ್ನ ಲೆಕ್ಕಕ್ಕೇ.
ನಿನಗೆ ವಾರಕ್ಕೆ ಇಷ್ಟೆಂದು ಗೊತ್ತು, ಉರುಳಲಿ ಬಿಡಲಿ.
ನಿಂತರೆ ನನಗೆ ಸೊನ್ನೆ.

ಗುಣಿಸಿದ. ಗುಣಿಸುವಾಗ ಮೇಷ್ಟ್ರ ತುಟಿ ಅಲುಗುತ್ತದೆ,
ಯಾವ ದೇಶದ ಮೇಷ್ಟ್ರಾದರೂ.
"ಅಂದರೆ ನೀವು ಮಲಗಿ ಸಂಪಾದಿಸುತ್ತೀರಿ!"
ಆ ಮಾತಿಗೆ ಇನ್ನೊಂದು ಅರ್ಥವಿದೆಯಪ್ಪಾ, ಎಂದೆ,
ಹೋಟೆಲಿನಲ್ಲಿ ಗಟ್ಟಿಯಾಗಿ ಆಡಬೇಡ.

ಪರದೆಯಾಚೆ ಹಿಂದಿನ ಗೂಡಿನಲ್ಲಿ
ನಾನು ಮಲಗುವ ಚಂದ ಅವನಿಗೇನು ಗೊತ್ತು?
ಕಣ್ಣು ಮುಚ್ಚುತ್ತದೆ; ಕಿವಿಗೆ ರೆಪ್ಪೆ ಕೊಡಲಿಲ್ಲ ದೇವರು.
ಗೇರು ಹಲ್ಲು ಕಡಿದರೆ ನನ್ನ ದವಡೆ ಬಿಗಿಯುತ್ತದೆ.
ರಸ್ತೆಯಂಚಿನ ಗೀರುಗಳಿಗೆ ಗಾಲಿ ತಾಗಿ ಗರ್ರೆಂದರೆ
ಬಲಗಾಲು ತಾನಾಗಿ ಚಾಚಿ, ಇಲ್ಲದ ಬ್ರೇಕು ಒತ್ತುತ್ತದೆ.
ಎಂಟು ವರ್ಷದಲ್ಲಿ ಕಾಲ ಕಡೆಯ ಹಲಗೆ
ಒತ್ತಿ ಒತ್ತಿ ಬಣ್ಣ ಬಿಟ್ಟಿದೆ.
ಅದಕ್ಕೆ ಸೆಂಟಿಲ್ಲ.

ಅವನಿಗೆ ಮೊದಲು ಮೂವತ್ತೊಂದು ಮಂದಿ.
ಒಬ್ಬ ನಿದ್ದೆಯಲ್ಲಿ ಯಾರನ್ನೋ ಬೈಯುತ್ತಿದ್ದ, ಬಹಳ ಮರ್ಯಾದೆಯಿಂದ.
ಒಬ್ಬಳು ಒಮಾಹಾದಲ್ಲಿ ಕೀಲಿಕೈ ಸೀಟಿನ ಮೇಲಿಟ್ಟು
ಬಸ್ಸು ಹತ್ತಿ ಹೋದಳು;
ಅವಳು ಕೂಡಿಟ್ಟ ಉಪ್ಪಿನ ಪೊಟ್ಟಣಗಳು ಇನ್ನೂ ನನ್ನ ಡ್ರಾಯರಿನಲ್ಲಿವೆ.
ಪಾಸಾದರೆ ತಲೆಗೆ ಐನೂರು ಡಾಲರ್.
ತಲೆಗೆ ಎನ್ನುವುದು ಕುರಿ ಸಂತೆಯ ಮಾತು,
ಆಫೀಸಿನವರ ಬಾಯಲ್ಲೂ ಅದೇ.

ಐದನೆಯ ವಾರ, ವಯೋಮಿಂಗ್, ಮಾರ್ಚಿಯ ಗಾಳಿ.
ಡಬ್ಬದ ತುಂಬ ಆಲೂಗಡ್ಡೆ ಚಿಪ್ಸು,
ಅಂದರೆ ಮುಕ್ಕಾಲು ಪಾಲು ಅದೂ ಗಾಳಿಯೇ.
ಲ್ಯಾರಮಿಯಲ್ಲಿ ಬ್ರೇಕು ಉಸ್ಸೆಂದಿತು. ಲಾರಿ ನಿಂತಿತು.
ಪರದೆ ಸರಿಸಿದೆ.
"ಮುಂದೆ ಹೋಗುವುದಿಲ್ಲ" ಎಂದ, ಕೈ ತೊಡೆಯ ಮೇಲಿಟ್ಟು.

ರಸ್ತೆ ಮುಚ್ಚಿರಲಿಲ್ಲ.
ನೋಡನೋಡುತ್ತ ನಾಲ್ಕು ಲಾರಿ ಹೋದವು.
ಸಾಲ್ಟ್ ಲೇಕಿಗೆ ಮುನ್ನೂರ ತೊಂಬತ್ತು ಮೈಲಿ:
ಇನ್ನೂರ ಇಪ್ಪತ್ತಾರು ಡಾಲರ್, ಇಪ್ಪತ್ತು ಸೆಂಟು.
ನನ್ನ ತುಟಿಯೂ ಅಲುಗಿರಬೇಕು.
ಟಲ್ಸಾದಲ್ಲಿ ಹಲ್ಲಿನ ಡಾಕ್ಟರ ಬಿಲ್ಲು ಕೂತಿದೆ,
ಹಲ್ಲು ನನ್ನದಲ್ಲ, ತಂಗಿಯದು, ಆದರೂ ಬಿಲ್ಲು ನನ್ನದು.
ಹೋಗು, ಏನೂ ಆಗಲ್ಲ,
ಇಷ್ಟೇ ಮಾತು, ನಾಲಿಗೆಯ ತುದಿಗೆ ಬಂದಿತ್ತು.

ಮೊದಲ ದಿನ ನಾನೇ ಹೇಳಿಕೊಡುವ ಪಾಠ:
ಸ್ಟೀರಿಂಗ್ ಹಿಡಿದವರದ್ದೇ ಕೊನೆಯ ಮಾತು.
ಮೂವತ್ತೆರಡು ಜನಕ್ಕೆ ಹೇಳಿದ್ದೇನೆ.
ನನ್ನ ಖರ್ಚಿನಲ್ಲಿ ಅದನ್ನು ನಂಬಿದವನು ಇವನೊಬ್ಬ.

ಸರಿ, ಎಂದೆ. ಪರದೆ ಎಳೆದುಕೊಂಡೆ.
ಗಾಳಿ ಲಾರಿಯ ಪಕ್ಕೆಗೆ ತಿವಿಯುತ್ತಲೇ ಇತ್ತು.
ಕಾಲು ಹಲಗೆಯನ್ನು ಹುಡುಕಲಿಲ್ಲ.
ಒಂಬತ್ತು ಗಂಟೆ ಸತ್ತವಳಂತೆ ಮಲಗಿದೆ.
ಎದ್ದಾಗ ಲವಂಗ ಹಾಕಿದ ಚಹಾ, ಕಾಗದದ ಲೋಟದಲ್ಲಿ,
ಮೇಲೊಂದು ತಟ್ಟೆ ಮುಚ್ಚಿ.

ಬೆಳಿಗ್ಗೆ ಎಲ್ಕ್ ಗುಡ್ಡದ ತಪ್ಪಲಲ್ಲಿ
ಮಗುಚಿದ ಲಾರಿ ಒಂದೂ ಇರಲಿಲ್ಲ.
ಎಲ್ಲರೂ ದಾಟಿ ಹೋಗಿದ್ದರು.
ಹಾಗೋಸ್ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ,
ನನ್ನ ಮುಖ ಒಂದನ್ನು ಬಿಟ್ಟು.
ಐವತ್ತೆಂಟರ ಮಗ್ಗಿ ಮರೆತವಳಂತೆ
ನಾನು ಚಹಾ ಊದಿಕೊಂಡು ಕುಡಿದೆ.

ಆ ವಾರದ ಚೀಟಿಯಲ್ಲಿ ಉರುಳಿದ್ದಕ್ಕೆಲ್ಲ ಲೆಕ್ಕವಿತ್ತು.
ಜೂನಿನಲ್ಲಿ ಅವನ ತಲೆಯ ಐನೂರು ಬಂತು,
ತೆರಿಗೆ ಕಳೆದು ಮುನ್ನೂರ ಎಂಬತ್ತು ಚಿಲ್ಲರೆ.
ಹಲ್ಲಿಗೆ ಹೋಯಿತು.

ಮೊನ್ನೆ ಮೂವತ್ತಮೂರನೆಯವಳು ಹತ್ತಿದ್ದಾಳೆ.
ಗೇರು ಹಾಕುವಾಗ ಉಸಿರು ಹಿಡಿಯುತ್ತಾಳೆ,
ಜೊತೆಗೆ ನಾನೂ.
ನಾಳೆ ಮೂರನೆಯ ದಿನ.